ಹುಣಸೆಹಣ್ಣಿಗೆ ಬಲಿಯಾದ ಆನೆ

ಹೋದ ತಿಂಗಳು ಬಾಗಲಕೋಟೆಯಲ್ಲಿ, ನನ್ನ ಹೆಂಡತಿಯ ಅಣ್ಣನ ಮನೆಯ ಹಿತ್ತಿಲಲ್ಲಿ, ಒಂದು ಆನೆ ಸತ್ತಿತು. ಕೊಂದದ್ದು ಹುಣಸೆಹಣ್ಣು.

ಗಾಬರಿಯಾಗಬೇಡಿ. ಆನೆ ಹೆಬ್ಬೆರಳಿನ ಉಗುರಿನಷ್ಟಿತ್ತು. ಹಳೆಯ ತಾಮ್ರದ ನಾಣ್ಯವೊಂದರ ಮೇಲೆ ಯಾವುದೋ ಅರಸನ ಕಾಲದಿಂದ ಸೊಂಡಿಲೆತ್ತಿ ನಿಂತಿತ್ತು. ಎಷ್ಟೋ ಯುದ್ಧ ದಾಟಿ ಬಂದ ಪ್ರಾಣಿ, ನಮ್ಮ ಭಾವನವರ ಕೈಗೆ ಸಿಕ್ಕು ಒಂದು ಮುಂಜಾನೆ ದಾಟಲಿಲ್ಲ.

ಭಾವನವರು ವಕೀಲರು. ನಾಣ್ಯ ಕೂಡಿಹಾಕುವ ಹುಚ್ಚು ಅವರಿಗೆ ಹಿಡಿದದ್ದು ನಯಾಪೈಸೆ ಬಂದ ಮೇಲೆ. ಆಣೆಗಳು ಇನ್ನು ಮಾಯವಾಗುತ್ತವೆ ಎಂದು ಗೊತ್ತಾದದ್ದೇ ತಡ, ಊರಿನ ಓದಿದವರೆಲ್ಲ ಕಲೆಕ್ಟರ್ ಆದರು! (ಜಿಲ್ಲೆಯ ಕಲೆಕ್ಟರ್ ಅಲ್ಲ. ಆದರೆ ಗತ್ತು ಅದೇ.) ಭಾವನವರು ಗಾಜಿನ ಪೆಟ್ಟಿಗೆ ಮಾಡಿಸಿದರು. ಅದರೊಳಗೆ ಹಾಸಲು ಅತ್ತಿಗೆಯ ಇಳಕಲ್ ಸೀರೆಯ ಸೆರಗು ಕತ್ತರಿಸಿದರು. ಬಂದವರೆಲ್ಲ ಪೆಟ್ಟಿಗೆ ನೋಡಿಯೇ ಚಹಾ ಕುಡಿಯಬೇಕು.

ಇಂಥವರ ಬಳಿ ಮರೋಳದ ಮಾಳವ್ವ ಯಾವುದೋ ಹೊಲದ ತಕರಾರಿನ ಕೆಲಸಕ್ಕೆ ಬಂದಳು. ಮಾತಿಗೆ ಮಾತು ಬಂದು, ತಮ್ಮ ಮನೆಯಲ್ಲಿ ಮನೆದೇವರು ಬೀರಪ್ಪನ ಮುಂದೆ ಆನೆಯಿರುವ ಒಂದು ಹಳೆಯ ಬಿಲ್ಲೆ ಇದೆ ಎಂದಳು. ಆ ಮನೆಗೆ ಬರುವ ಸೊಸೆಗೂ, ಅಲ್ಲಿಂದ ಹೊರಡುವ ಮಗಳಿಗೂ ಅದನ್ನು ಭಂಡಾರದಲ್ಲಿ ಅದ್ದಿ ಹಣೆಗೆ ಒತ್ತುತ್ತಾರೆ. ಹಾಗೆ ಒತ್ತಿದ ಅರಿಶಿನ ತಲೆತಲಾಂತರದಿಂದ ಅದರ ಮೇಲೆ ಕೂತಿದೆ. ಒರೆಸುವಂತಿಲ್ಲ, ತೊಳೆಯುವಂತಿಲ್ಲ.

ಭಾವನವರ ಕಿವಿ ನೆಟ್ಟಗಾಯಿತು. ನೋಡಿ ಕೊಡುತ್ತೇನೆ, ತಂದುಕೊಡು ಎಂದು ದುಂಬಾಲು ಬಿದ್ದರು. ಮಾಳವ್ವನ ಮಗಳ ಲಗ್ನ ಹತ್ತಿರ ಬಂದಿತ್ತು, ಆದರೂ ಆಕೆ ತಂದುಕೊಟ್ಟಳು. ವಕೀಲರಿಗೆ ಇಲ್ಲ ಎನ್ನುವುದು ಹೇಗೆ? ಕೊಡುವಾಗ ಒಂದೇ ಮಾತು ಹೇಳಿದಳಂತೆ: “ನೀರ ಮುಟ್ಟಿಸಬ್ಯಾಡ್ರಿ, ಸಾಹೇಬ್ರ.”

ಭಾವನವರು ನೀರು ಮಾತ್ರ ಮುಟ್ಟಿಸಿದ್ದರೆ ಆನೆ ಬದುಕುತ್ತಿತ್ತೇನೋ.

ಅವರ ಮನೆಯಲ್ಲಿ ದೇವರ ಸಾಮಾನು ಎಂದರೆ ಹುಣಸೆಹಣ್ಣು ಹಾಕಿ, ಬೂದಿ ಹಚ್ಚಿ, ತೆಂಗಿನ ಜುಂಗಿನಿಂದ ತಿಕ್ಕಿ ಲಕಲಕ ಎನಿಸಬೇಕು. ಹಬ್ಬದ ಹಿಂದಿನ ದಿನ ಅಟ್ಟದ ಮೇಲಿನ ಗಿಂಡಿಗೂ ಬಿಡುಗಡೆಯಿಲ್ಲ. ಬೀರಪ್ಪನೂ ದೇವರೇ ತಾನೇ? ಸ್ನಾನ ಮಾಡಿ, ಮಡಿ ಉಟ್ಟು, ಹಿತ್ತಿಲಲ್ಲಿ ಕೂತು ತಿಕ್ಕಿದರು. ನಾನು ಹೋಗುವ ಹೊತ್ತಿಗೆ ಅಂಗೈಯಲ್ಲಿ ಕೆಂಪಗೆ ಹೊಳೆಯುವ ಒಂದು ತಗಡಿನ ಬಿಲ್ಲೆ ಹಿಡಿದು ನಿಂತಿದ್ದರು. ಆನೆ ಎಲ್ಲಿ ಎಂದೆ. ಬೆಳಕಿಗೆ ಹಿಡಿದರೆ ಕಾಲು ಕಾಣುತ್ತದೆ ಎಂದರು. ಎಷ್ಟು ಜನರ ಕೈಯ ಮೈಲಿಗೆ ಅದರ ಮೇಲಿತ್ತು ಗೊತ್ತೇನು ಎಂದು ನನ್ನನ್ನೇ ಕೇಳಿದರು.

ಮೈಲಿಗೆ! ನನಗೆ ಮೈ ಉರಿಯಿತು.

ಬದಾಮಿಯಲ್ಲಿ ಹಳೆಯ ಗುಡಿಗಳನ್ನು ಕಾಯುವ ಕೆಲಸದ ಗೆಳೆಯನೊಬ್ಬ ನನಗೆ ಹಿಂದೆಯೇ ಹೇಳಿದ್ದ. ತಾಮ್ರದ ಮೇಲೆ ಕಾಲ ಕೂರಿಸಿದ ಕಂದುಬಣ್ಣ ಕೊಳೆಯಲ್ಲ, ಅದೇ ನಾಣ್ಯದ ಹೊದಿಕೆ. ಹುಳಿ ಅದನ್ನು ತಿನ್ನುತ್ತದೆ, ಬೂದಿ ಗೀರುತ್ತದೆ. ಅಂಚು ಹಿಡಿದು ಎತ್ತಬೇಕು, ಮೆತ್ತನೆಯ ಅರಿವೆಯಲ್ಲಿ ಸುತ್ತಿ ತೇವವಿಲ್ಲದ ಕಡೆ ಇಟ್ಟು ಸುಮ್ಮನಿರಬೇಕು. ಆದರೆ ಸುಮ್ಮನಿರುವುದು ನಮ್ಮ ಜನಕ್ಕೆ ಎಲ್ಲಿ ಬರುತ್ತದೆ? ಹಳೆಯದನ್ನು ಕಂಡರೆ ನಮಗೆ ಕೈ ತುರಿಕೆ. ಗುಡಿ ಕಂಡರೆ ಸುಣ್ಣ, ಮೂರ್ತಿ ಕಂಡರೆ ಆಯಿಲ್ ಪೇಂಟ್. ಐಹೊಳೆಯ ಕಲ್ಲುಗಳು ಇನ್ನೂ ಉಳಿದಿರುವುದು ನಮ್ಮ ಭಕ್ತಿಯಿಂದಲ್ಲ, ಅಷ್ಟೊಂದು ಹುಣಸೆಹಣ್ಣು ಸಿಗದ ಕಾರಣದಿಂದ.

ಲಗ್ನಕ್ಕೆ ಎರಡು ದಿನ ಇರುವಾಗ ಮಾಳವ್ವ ಬಂದಳು. ಭಾವನವರು ರೇಷ್ಮೆ ಅರಿವೆಯಲ್ಲಿಟ್ಟು ಕೊಟ್ಟರು. ಶಹಬ್ಬಾಸ್‌ಗಿರಿ ನಿರೀಕ್ಷಿಸುತ್ತಿದ್ದರು ಎಂದು ಮುಖವೇ ಹೇಳುತ್ತಿತ್ತು.

ಆಕೆ ತಿರುವಿ ನೋಡಿದಳು. ಬೆರಳಿನಿಂದ ಸವರಿದಳು. ಮೂಸಿ ನೋಡಿದಳು. “ಇದು ನಮ್ದಲ್ರಿ,” ಎಂದಳು.

ಭಾವನವರು ನಕ್ಕರು. ಆಮೇಲೆ ಬೆವೆತರು. ಅದೇ ಬಿಲ್ಲೆ, ಮಡಿಯಲ್ಲೇ ತೊಳೆದಿದ್ದೇನೆ ಎಂದು ದೇವರಾಣೆ ಮಾಡಿದರು. ಜೀವಮಾನವಿಡೀ ಸಾಕ್ಷಿ ಕೇಳಿ ಬದುಕಿದವರು. ಇಲ್ಲಿ ಸಾಕ್ಷಿಯನ್ನು ತಾವೇ ತಿಕ್ಕಿ ಬಚ್ಚಲಿಗೆ ಹರಿಸಿದ್ದರು.

ಮಾಳವ್ವ ಕೂಗಾಡಲಿಲ್ಲ. “ನೀವು ಕದ್ದೀರಿ ಅನ್ನಾಂಗಿಲ್ರಿ,” ಎಂದಳು. “ಆದ್ರ ನಮ್ಮತ್ತಿ ಕೈಯಾನ ಭಂಡಾರ ಇದರಾಗಿಲ್ಲ. ಇದನ್ನ ನನ್ನ ಮಗಳ ಹಣಿಗೆ ಹ್ಯಾಂಗ ಒತ್ತಲಿ?”

ನನಗೆ ಆ ಹೆಂಗಸಿನ ಮುಖ ನೋಡಲಾಗಲಿಲ್ಲ. ಆಕೆ ಬಿಲ್ಲೆಯನ್ನು ಕಟ್ಟೆಯ ಮೇಲಿಟ್ಟು ಬಸ್ಸಿಗೆ ಹೋದಳು. ಹುಡುಗಿಯ ಲಗ್ನ ಆಯಿತು. ಹಣೆ ಬರಿದಾಗಿಯೇ ಗಂಡನ ಮನೆಗೆ ಹೋದಳೆಂದು ಮರೋಳದವರು ಹೇಳಿದರು.

ಭಾವನವರು ಈಗ ಆ ಬಿಲ್ಲೆಯನ್ನು ಗಾಜಿನ ಪೆಟ್ಟಿಗೆಯ ನಟ್ಟನಡುವೆ ಇಟ್ಟಿದ್ದಾರೆ. ನಾನೇನು ಕಳ್ಳನೇ, ವಾಪಸ್ ಕೊಟ್ಟರೂ ಆಕೆಯೇ ಒಯ್ಯಲಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಾರೆ.

ಕದ್ದಿದ್ದರೆ ಹಿಂದಕ್ಕೆ ಕೊಡಬಹುದಿತ್ತು, ಭಾವನವರೇ. ತೊಳೆದದ್ದನ್ನು ಹೇಗೆ ಕೊಡುತ್ತೀರಿ?