ಟೈರು ಬಿಟ್ಟ ಪುರಿ ಭಟ್ಟಿ

ಕೊಡಿಗೇನಹಳ್ಳಿಯಲ್ಲಿ ಅಕ್ಕಿ ಹುರಿದು ಪುರಿ ಮಾಡುವ ಭಟ್ಟಿ ನಡೆಸುವ ರಾಜಲಕ್ಷ್ಮಮ್ಮನಿಗೆ ಯಾರೂ ಲೆಕ್ಕಕ್ಕಿರಲಿಲ್ಲ. ಗಂಡ ತೀರಿಕೊಂಡಾಗ, ಹೆಂಗಸಿನ ಕೈಲಿ ಭಟ್ಟಿ ಉಳಿಯುವುದಿಲ್ಲ, ನಮಗೆ ಬಿಟ್ಟುಕೊಡು ಎಂದು ಮೈದುನಂದಿರು ಬಂದಿದ್ದರು. ಅವರನ್ನು ಬಾಗಿಲಿನಿಂದಲೇ ಅಟ್ಟಿದ ಮೇಲೆ, ಬುದ್ಧಿ ಹೇಳಲು ಬಂದವರೆಲ್ಲ ಆಕೆಗೆ ಮೈದುನಂದಿರಂತೆಯೇ ಕಾಣುತ್ತಿದ್ದರು.

ಮಧುಗಿರಿಯಲ್ಲಿ ಸಂಸ್ಥೆಯೊಂದು ಸಣ್ಣ ಉದ್ದಿಮೆಯವರ ಸಭೆ ಕರೆದಾಗಲೂ ಆಕೆ ಹೋದದ್ದು ನಗಾಡಿ ಬರೋಣವೆಂದೇ. ಅಲ್ಲಿ ಆ ಸಂಸ್ಥೆಯ ಚೇತನ್ ಕುಮಾರ್ ಎಂಬ ಬಿಳಿ ಅಂಗಿಯ ಯುವಕ ಗೋಡೆಯ ಮೇಲೆ ಚಿತ್ರ ತೋರಿಸುತ್ತಾ, “ಹತ್ತು ವರ್ಷ ಆದಮೇಲೆ ನಿಮ್ಮ ಕಸುಬು ಹೇಗಿರಬೇಕು? ಕಣ್ಣು ಮುಚ್ಚಿ ಯೋಚನೆ ಮಾಡಿ” ಎಂದ.

“ಕಣ್ ಮುಚ್ಚಿದ್ರೆ ಪುರಿ ಸೀದೋಯ್ತದೆ ಕಣಪ್ಪಾ!”

ಸಭೆ ಗೊಳ್ಳೆಂದಿತು. ಚೇತನ್ ಕೆಂಪಾದ. ಆದರೆ ಮುಂದಿನ ವಾರ ಭಟ್ಟಿಗೇ ಬಂದ.

ಒಲೆಯಲ್ಲಿ ಹಳೇ ಟೈರಿನ ತುಂಡುಗಳು ಉರಿಯುತ್ತಿದ್ದವು. ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಿದ್ದ ಕೂಲಿಯ ಇಂದ್ರಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಕೆಮ್ಮುತ್ತಿದ್ದಳು.

“ಅಮ್ಮಾ, ಹೀಗೇ ಟೈರು ಸುಟ್ಟರೆ ಕಸುಬು ಹೆಚ್ಚು ದಿನ ನಡೆಯಲ್ಲ. ಹೊಗೆ ಇವರ ಎದೆಗೂ ಹೋಗುತ್ತೆ, ಪುರಿಗೂ ಹೋಗುತ್ತೆ.”

“ಅವಳ ಕೆಮ್ಮು ಕೆಲಸಗಳ್ಳತನ. ನಿನ್ನಂಗಿ ಕಪ್ಪಾಗೋಕ್ ಮುಂಚೆ ಬಸ್ಸತ್ತು, ಹೋಗು.”

ಅವನು ಹೋದ, ಮತ್ತೆ ಬಂದ. ನಾಚಿಕೆಯಿಲ್ಲದವನು ಎಂದು ರಾಜಲಕ್ಷ್ಮಮ್ಮ ಅವನೆದುರಿಗೇ ಹೇಳಿದಳು.

ಅಷ್ಟರಲ್ಲಿ ಹಿಂದೂಪುರದ ಅಂಗಡಿಯವನು, ಆಕೆ ಅಲ್ಲಿಗೆ ಹೋದಾಗ, ಪುರಿ ಮೂಟೆಗಳನ್ನು ವಾಪಸು ಮಾಡಿದ. “ಏಂದಮ್ಮಾ ಇದು, ರಬ್ಬರ್ ವಾಸನ! ಜನಾಲು ತಿನಟ್ಲೇದು, ಯಾರೂ ತಿನ್ತಿಲ್ಲ, ತಗೊಂಡೋಗು.”

“ನಿನ್ ಮೂಗೇ ಕೊಳ್ತೋಗೈತೆ” ಎಂದು ಬೈದು ಮೂಟೆಗಳನ್ನು ಬಸ್ಸಿಗೆ ಹಾಕಿಸಿಕೊಂಡಳು. ದಾರಿಯಲ್ಲಿ ಒಂದರ ಬಾಯಿ ಬಿಚ್ಚಿ, ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ತನ್ನ ಪುರಿಯನ್ನು ತಾನು ತಿಂದು ಎಷ್ಟೋ ಕಾಲವಾಗಿತ್ತು. ನುಂಗಲಾಗಲಿಲ್ಲ, ಪಕ್ಕದಲ್ಲಿ ಗುರುತಿನವರಿದ್ದುದರಿಂದ ಉಗುಳಲೂ ಆಗಲಿಲ್ಲ. ಊರು ಬರುವತನಕ ಅದನ್ನು ದವಡೆಯಲ್ಲೇ ಇಟ್ಟುಕೊಂಡು ಕೂತಳು.

ಚೇತನ್ ಮತ್ತೆ ಬಂದಾಗ, “ಅದೇನ್ ಮಾಡ್ತಿಯೋ ಮಾಡು” ಎಂದಳು.

ಅವನು ಪಾವಗಡದ ಮಿಲ್ಲೊಂದರಿಂದ ಟೆಂಪೋ ತುಂಬ ಕಡಲೇಕಾಯಿ ಸಿಪ್ಪೆ ತರಿಸಿದ. ಒಲೆಗೆ ಸುರಿದರೆ ಸಿಪ್ಪೆ ಮುಸುಮುಸು ಹೊಗೆಯಾಡಿತೇ ಹೊರತು ಉರಿಯಲಿಲ್ಲ. ಮರಳು ಕಾಯಲಿಲ್ಲ, ಅಕ್ಕಿ ಅಕ್ಕಿಯಾಗಿಯೇ ಉಳಿಯಿತು. ರಾಜಲಕ್ಷ್ಮಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬೀದಿಯವರನ್ನೆಲ್ಲ ಕೂಗಿ ಕರೆದಳು. “ನೋಡ್ ಬರ್ರಪ್ಪಾ, ಬುದ್ವಂತ್ರು ಹಚ್ಚಿದ್ ಬೆಂಕಿಯ!”

ಚೇತನ್ ಸಿರಾದಲ್ಲಿ ಸಿಪ್ಪೆ ಉರಿಸುವ ಭಟ್ಟಿಯೊಂದನ್ನು ನೋಡಿಕೊಂಡು, ಅಲ್ಲಿನ ಮೇಸ್ತ್ರಿಯನ್ನೇ ಕರೆತಂದ. ಒಲೆಯ ಬಾಯಿ ಕಿರಿದಾಯಿತು, ಒಳಗೆ ಕಬ್ಬಿಣದ ಜಾಲರಿ ಬಂತು, ಗಾಳಿ ಊದಲು ಪುಟ್ಟ ಫ್ಯಾನು ಕೂತಿತು. ಈ ಸಲ ಬೆಂಕಿ ಗುರ್ರೆಂದಿತು. ಅಕ್ಕಿ ಚಟಪಟನೆ ಅರಳಿ ಬಾಣಲೆಯಿಂದ ಉಕ್ಕಿತು.

ಎಲ್ಲರೂ ರಾಜಲಕ್ಷ್ಮಮ್ಮನ ಮುಖ ನೋಡಿದರು. ಆಕೆ ಒಂದು ಹಿಡಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದು, “ಉಪ್ಪು ಕಮ್ಮಿ” ಎಂದಳು.

ಆದರೆ ಆ ದಿನವೆಲ್ಲ ಇಂದ್ರಮ್ಮನ ಕೆಮ್ಮು ಕೇಳಿಸಿರಲಿಲ್ಲ. ಸಂಜೆ ರಾಜಲಕ್ಷ್ಮಮ್ಮ ಅವಳ ಕೈಯಿಂದ ಜರಡಿ ಕಿತ್ತುಕೊಂಡು, “ಬೆಳಗ್ಗಿಂದ ನಿಂತಿದೀಯ, ಮನೇಗೋಗು” ಎಂದು ಗದರಿಸಿದಳು. ಇಂದ್ರಮ್ಮ ತನ್ನಿಂದೇನೋ ತಪ್ಪಾಯಿತೆಂದೇ ತಿಳಿದಳು.

ಅಲ್ಲಿಂದ ಆಕೆಯ ತಿರಸ್ಕಾರಕ್ಕೆ ಹೊಸ ಜನ ಸಿಕ್ಕರು. ಮುಂದಿನ ಸಭೆಯಲ್ಲಿ ಚೇತನ್ ಎರಡು ಮಾತಾಡಲು ಕೇಳಿಕೊಂಡಾಗ ಎದ್ದು ನಿಂತು, “ಇನ್ನೂ ಟೈರ್ ಸುಡ್ತೀರಲ್ರೋ, ಥೂ! ಆ ಪುರೀನ ನಿಮ್ ಮಕ್ಳಿಗ್ ತಿನ್ನುಸ್ತೀರೇನ್ರೋ?” ಎಂದಳು. ಚೇತನ್ ಹಣೆ ಹಿಡಿದುಕೊಂಡ.

ಆಕೆಯ ಊರಿನವನೇ ಆದ, ಇನ್ನೊಂದು ಭಟ್ಟಿಯ ಭೀಮರಾಜು ಸಿಟ್ಟಾದ. “ಮೊನ್ನೆಗಂಟ ನೀನೂ ಅದ್ನೇ ಸುಡ್ತಿದ್ದೆ ಕಣಮ್ಮ!”

“ಆಗ ದಡ್ರು ಇಬ್ರಿದ್ವಿ. ಈಗ ನೀನೊಬ್ನೇ.”

ಸಭೆ ಮುಗಿದ ಮೇಲೆ ಭೀಮರಾಜು ಚೇತನ್‌ನನ್ನು ಮೂಲೆಗೆ ಕರೆದ. “ಸಿಪ್ಪೆ ಟೆಂಪೋನ ನಮ್ ಕಡೀಕೂ ಕಳ್ಸಪ್ಪ. ಆಯಮ್ಮನ ಬಾಯಿ ತಡ್ಕಳಾಕಾಗಲ್ಲ.”

ಈಗ ಊರಿನ ಎರಡೂ ಭಟ್ಟಿಗಳು ಸಿಪ್ಪೆಯಲ್ಲೇ ಉರಿಯುತ್ತವೆ. ಹಾಗೆಂದು ಭೀಮರಾಜು ಮಾಡುವುದನ್ನು ಪುರಿ ಎಂದು ರಾಜಲಕ್ಷ್ಮಮ್ಮ ಇನ್ನೂ ಒಪ್ಪಿಲ್ಲ.