ಉಜ್ಜಿದರೂ ಹೋಗದ ಬೂದು ಪಟ್ಟಿ

ನಮ್ಮ ವೈನಿ ಎರಡು ತಾಸು ಉಜ್ಜಿದ ಮೇಲೂ ಹೊಳೆಯದ ವಸ್ತು ಈ ಭೂಮಿಯ ಮೇಲೆ ಇದ್ದೀತು ಎಂದು ನಾನು ನಂಬಿರಲಿಲ್ಲ. ಹೋದ ವಾರ ನಂಬಿದೆ.

ದಸರೆಯ ಖಂಡೇ ಪೂಜೆಯ ಹಿಂದಿನ ದಿನ. ಧಾರವಾಡದಿಂದ ಮುಗದಕ್ಕೆ, ಅಣ್ಣನ ಮನೆಗೆ ಹೋಗಿದ್ದೆ. ಪೂಜೆಗಿಡುವ ಕುಡಗೋಲು, ಕೊಡಲಿ, ಈಳಿಗೆ ಎಲ್ಲ ಇಟ್ಟಿಗೆ ಪುಡಿಯಲ್ಲಿ ಮಿಂದು ಹಿತ್ತಲಲ್ಲಿ ಫಳಫಳ ಅನ್ನುತ್ತಿದ್ದವು. ವೈನಿಯ ಕೈಯಲ್ಲಿ ಮಾತ್ರ ಮೇವು ಕತ್ತರಿಸುವ ಮಷಿನ್ನಿನ ಒಂದು ಅಲಗು. ಅದರ ಬಾಯಿಗುಂಟ ಬೆರಳಗಲದ ಬೂದು ಪಟ್ಟಿ.

"ಈ ಹೊಲಸ ಹೋಗವಲ್ದೋ! ಇಟ್ಟಂಗಿ ಪುಡಿ ಆತು, ಹುಣಸಿಹಣ್ಣ ಆತು. ಈಗ ಅರ ತಗೊಂಡ ತಿಕ್ಕಾಕತ್ತೇನಿ," ಎಂದರು.

ಅಯ್ಯೋ! ಅದು ಹೊಲಸಲ್ಲ. ಹುಬ್ಬಳ್ಳಿಯ ಮೌನೇಶಪ್ಪನ ಕೆಲಸಕ್ಕಿರುವ ಒಂದೇ ಒಂದು ಸಾಕ್ಷಿ! (ಅಣ್ಣನಿಗೆ ಹೇಳಿದ್ದೆ. ಅಣ್ಣ ವೈನಿಗೆ ಹೇಳಿರಲಿಲ್ಲ. ನಮ್ಮ ಅಣ್ಣ ಏನನ್ನು ತಾನೇ ಹೇಳುತ್ತಾನೆ?)

ಮೌನೇಶಪ್ಪ ಉಪ್ಪಿನಬೆಟಗೇರಿಯ ಕಮ್ಮಾರರ ಮನೆಯವನು. ಹುಬ್ಬಳ್ಳಿಯಲ್ಲಿ ಮೋಟಾರು ಗಾಡಿ ರಿಪೇರಿ ಅಂಗಡಿ ಇಟ್ಟಿದ್ದಾನೆ. ಬೇಸಿಗೆಯಲ್ಲಿ ನಾನು ಆ ಮಷಿನ್ನಿನ ಎರಡೂ ಅಲಗು ಹೊತ್ತು ಅವನಲ್ಲಿಗೆ ಹೋಗಿದ್ದೆ. ಮಣ್ಣು ಹಿಡಿದ ಜೋಳದ ಕಣಿಕೆ ಕತ್ತರಿಸಿ ಎಂಟು ದಿನಕ್ಕೊಮ್ಮೆ ಮೊಂಡಾಗುತ್ತಿದ್ದವು. ಯುದ್ಧದ ಕಾಲ, ಹೊಸ ಅಲಗು ಎಲ್ಲಿಂದ ತರೋಣ?

ಮೌನೇಶಪ್ಪ ಒಂದು ಹಳೆಯ ಮೋಟಾರಿನೊಳಗೆ ಕಿಡಿ ಹಾರುವ ಎರಡು ತುದಿ ತೋರಿಸಿದ. "ನೋಡ್ರಿ ಮಾಸ್ತರ್ರ. ಒಂದ ಕಡೆ ಕುಣಿ ಬಿದ್ದೈತಿ, ಎದುರಿಗಿಂದಕ್ಕ ಗುಳ್ಳಿ ಎದ್ದೈತಿ. ಕಿಡಿ ಸುಮ್ನ ಹಾರಂಗಿಲ್ರಿ. ಇಲ್ಲಿಂದ ಕಿತ್ತು ಅಲ್ಲಿ ಹಚ್ಚತೈತಿ."

ಹಾಗಿದ್ದರೆ ಬೇಕಾದ್ದನ್ನು ಬೇಕಾದಲ್ಲಿಗೆ ಹಚ್ಚಿಸಬಾರದೇಕೆ? ಅವನ ತಲೆಗೆ ಹೊಳೆದದ್ದು ಇಷ್ಟೇ. ಲೇಥಿನಲ್ಲಿ ಉಕ್ಕನ್ನೇ ಕೊರೆಯುವ ಕಾರ್ಬೈಡಿನ ಮುರುಕು ತುಂಡೊಂದು ಅವನಲ್ಲಿತ್ತು. (ಗ್ಯಾಸ್ ದೀಪಕ್ಕೆ ಹಾಕುವ ಕಾರ್ಬೈಡ್ ಅಲ್ಲ, ಇದು ಕಲ್ಲಿಗಿಂತ ಗಟ್ಟಿ.) ಮೋಟಾರಿನ ಬ್ಯಾಟರಿಯಿಂದ ಒಂದು ತಂತಿ ಅಲಗಿಗೆ, ಇನ್ನೊಂದು ಆ ತುಂಡಿಗೆ. ತಾಗಿಸಿದರೆ ಕಿಡಿ, ಎತ್ತಿ ಮತ್ತೆ ತಾಗಿಸಿದರೆ ಮತ್ತೆ ಕಿಡಿ. ಒಂದೊಂದು ಕಿಡಿಗೆ ಸೂಜಿಮೊನೆಯಷ್ಟು ಕಾರ್ಬೈಡ್ ಅಲಗಿಗೆ ಅಂಟಿತು. ಎರಡು ದಿನ ಕೂತ ಪುಣ್ಯಾತ್ಮ.

"ಒಂದಕ್ಕ ಹಚ್ಚೇನಿ, ಇನ್ನೊಂದ ಹಂಗ ಬಿಟ್ಟೇನಿ. ನಿಮ್ಮ ಕಣಿಕಿನ ನಿಕಾಲಿ ಮಾಡ್ಲಿ," ಎಂದ.

ಕಣಿಕೆಯೇ ತೀರ್ಪು ಕೊಟ್ಟಿತು. ದಸರೆಯ ಹೊತ್ತಿಗೆ ಬರಿಯ ಅಲಗು ಸಾಣೆ ಹಿಡಿಸಿ ಹಿಡಿಸಿ ಬೆರಳಗಲ ಕರಗಿತ್ತು. ಪಟ್ಟಿಯ ಅಲಗು ಒಮ್ಮೆಯೂ ಸಾಣೆ ಕಂಡಿರಲಿಲ್ಲ. ಪಟ್ಟಿ ಒಂದೇ ಮಗ್ಗುಲಿಗಿದೆ. ಇನ್ನೊಂದು ಮಗ್ಗುಲು ಸವೆದಷ್ಟೂ ಬಾಯಿ ತೆಳ್ಳಗಾಗಿ ಹರಿತ ಉಳಿಯುತ್ತದೆ.

ಇದನ್ನೇ ಹತ್ತಿ ಮಿಲ್ಲಿನ ಎಂಜಿನಿಯರ್ ಸಾಹೇಬರಿಗೆ ತೋರಿಸುವುದಿತ್ತು. ಮಿಲ್ಲಿನ ಚಾಕುಗಳ ಕೆಲಸ ಸಿಕ್ಕರೆ ಮೌನೇಶಪ್ಪನ ಅಂಗಡಿ ಉಳಿಯುತ್ತದೆ, ಇಲ್ಲವಾದರೆ ಬೀಗ. ಪೆಟ್ರೋಲಿಗೆ ರೇಷನ್ ಬಂದ ಮೇಲೆ ರಿಪೇರಿಗೆ ಮೋಟಾರುಗಳೇ ಬರುತ್ತಿಲ್ಲ.

ವೈನಿಯ ಕೈಯಿಂದ ಅಲಗು ಕಸಿದು ಬಿಸಿಲಿಗೆ ಹಿಡಿದೆ. ಪಟ್ಟಿ ಹಾಗೇ ಇತ್ತು! ಅರದ ಹಲ್ಲುಗಳೇ ನುಣ್ಣಗಾಗಿದ್ದವು. ಅಲ್ಲೇ ಕುಣಿಯಬೇಕೆನಿಸಿತು.

ಹಬ್ಬ ಮುಗಿದ ಮೇಲೆ ನಾನೂ ಮೌನೇಶಪ್ಪನೂ ಮಿಲ್ಲಿಗೆ ಹೋದೆವು. ವಿಲಾಯತಿಯಲ್ಲಿ ಕಲಿತು ಬಂದ ಸಾಹೇಬರು ಅಲಗನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು: "ಇದು ಯಾವ ಪುಸ್ತಕದಾಗೈತಿ?"

ಮೌನೇಶಪ್ಪ ಕಿಸೆಯಿಂದ ಹೊಸ ಅರ ತೆಗೆದು ಅವರ ಮುಂದಿಟ್ಟ. "ಪುಸ್ತಕ ಗೊತ್ತಿಲ್ರಿ ಸಾಹೇಬ್ರ. ಕೆರದ ತಗೀರಿ ನೋಡೂಣು."

ಸಾಹೇಬರು ಕೆರೆದರು. ಅರ ಜಾರಿತು. ಕೋಟು ಬಿಚ್ಚಿ ಕೆರೆದರು. ಮತ್ತೆ ಜಾರಿತು. ಬೆವರು ಒರೆಸಿಕೊಂಡು, "ಇರಬಹುದು. ಆದ್ರ ಸರ್ಟಿಫಿಕೇಟ್ ಇಲ್ಲದ ಹೆಂಗ ಒಪ್ಪಲಿ? ಮುಂಬಯಿಗೆ ಬರೀತೇನಿ. ಅವರು ಹೂಂ ಅಂದ್ರ ನೋಡೂಣು," ಎಂದರು.

"ಬರೀರಿ," ಎಂದ ಮೌನೇಶಪ್ಪ. ಅಲಗನ್ನು ಅರಿವೆಯಲ್ಲಿ ಸುತ್ತಿಕೊಂಡ. "ನಾ ಅಂಗಡಿ ಮುಚ್ಚಂಗಿಲ್ರಿ. ಉಪಾಸ ಇದ್ದರೂ ಅಲ್ಲೇ ಇರ್ತೇನಿ. ನಿಮ್ಮ ಚಾಕು ಮೊಂಡಾದಾಗ ನೀವ ಬರ್ರಿ."

ಕೈಮುಗಿಯಲಿಲ್ಲ. ನಾನೂ ಮುಗಿಯಲಿಲ್ಲ. ಸಿಟ್ಟು ಬಂದಿತ್ತು, ಈಗಲೂ ಇದೆ. ಕಣ್ಣೆದುರಿಗೆ ಅರ ಜಾರಿದ್ದನ್ನು ಕಂಡವರು, ತಾವೇ ಬೆವರು ಸುರಿಸಿದವರು, ತಮ್ಮ ಕೈಯನ್ನು ನಂಬದೆ ಮುಂಬಯಿಯ ಟಪಾಲನ್ನು ನಂಬುತ್ತಾರಲ್ಲ! ನಾವೂ ಅಷ್ಟೇ ಅನ್ನಿ. ವಿಲಾಯತಿ ಮುದ್ರೆ ಇದ್ದರೆ ಗುಂಡುಸೂಜಿಯನ್ನೂ ಕಣ್ಣಿಗೊತ್ತಿಕೊಳ್ಳುತ್ತೇವೆ, ಹುಬ್ಬಳ್ಳಿಯಲ್ಲಿ ಹುಟ್ಟಿದ್ದಕ್ಕೆ ಮಾತ್ರ ಕಾಗದ ಕೇಳುತ್ತೇವೆ.

ಬರೆಯಲಿ ಸಾಹೇಬರು. ಮುಂಬಯಿಯಿಂದ 'ಆಗದು' ಎಂದು ಉತ್ತರ ಬಂದರೆ, ಆ ಅಲಗು ಅಂದಿನಿಂದ ಸವೆಯತೊಡಗುತ್ತದೆಯೇ?