ಮಾಫಿ ಕೇಳಿ ಹೋದ ಕಾಕು

ಗೆಳೆಯರೇ, ಸಿಂದಗಿಯ ನಮ್ಮ ಓಣಿಯಲ್ಲಿ ಇವತ್ತು ಮುಂಜಾನೆ ಅವ್ವನ ಬಾಯಿಗೆ ಬೀಗ ಬಿದ್ದಿತ್ತು.

ಪಕ್ಕದ ಮನೆಯ ಖತೀಜಾ ಕಾಕು ಹೋದ ವಾರ ಮೆಕ್ಕಾಕ್ಕೆ ಹೊರಟಿದ್ದಳು. ಯಾತ್ರೆಗೆ ಹೋಗುವವರು ಮನೆಮನೆಗೂ ಹೋಗಿ ಮಾಫಿ ಕೇಳುವುದು ಅವರ ರೂಢಿ. ಅವ್ವನ ಕೈ ಹಿಡಿದು, "ಆಡಿದ್ದು ಅಂದದ್ದು ಎಲ್ಲಾ ಮಾಫ್ ಮಾಡಕ್ಕಾ, ತಿರುಗಿ ಬರ್ತೇನೋ ಇಲ್ಲೋ" ಎಂದಿದ್ದಳು. ಗಟಾರದ ನೀರಿಗಾಗಿ ಅವಳೊಡನೆ ವರ್ಷಗಟ್ಟಲೆ ಜಗಳಾಡಿದ ಅವ್ವ, "ಎಲ್ಲಾ ಮರತೇನಿ, ಚಂದಂಗ ಹೋಗಿ ಬಾ" ಎಂದು ಅತ್ತೇಬಿಟ್ಟಿದ್ದಳು.

ಅಷ್ಟರಲ್ಲಿ ಆ ಕಡೆ ಯುದ್ಧ ಶುರುವಾಗಿ ಕ್ಷಿಪಣಿಗಳು ಹಾರಿದವು, ವಿಮಾನಗಳು ರದ್ದಾದವು. ಕಾಕು ಹೈದರಾಬಾದಿನಿಂದಲೇ ನಿನ್ನೆ ತಿರುಗಿ ಬಂದಳು.

ಇವತ್ತು ಅವಳು ಬಟ್ಟೆ ಒಗೆದ ನೀರು ಎಂದಿನಂತೆ ನಮ್ಮ ಕಟ್ಟೆಗೆ ಬಂತು. ಸೊಂಟಕ್ಕೆ ಕೈಯಿಟ್ಟು ಹೊರಬಂದ ಅವ್ವ ಸುಮ್ಮನೆ ನಿಂತಳು. ಮಾಫಿ ಕೊಟ್ಟಾಗಿತ್ತಲ್ಲ!

ಕಾಕುವೇ ಬಾಯಿ ಬಿಟ್ಟಳು: "ಬೈಯಕ್ಕಾ. ಬಂದಾಗಿಂದ ಎಲ್ಲಾರೂ ಸತ್ತ ಮನಿಗೆ ಬಂದಂಗ ಬಂದು ಮಾತಾಡ್ಸಾಕತ್ತಾರ. ನೀನರ ಬೈದ್ರ, ನಮ್ಮ ಮನಿಗೆ ಬಂದೇನಿ ಅನಸ್ತೈತಿ."

ಅವ್ವ ಗಂಟಲು ಸರಿಮಾಡಿಕೊಂಡು, "ಕಣ್ಣು ಕಾಣಂಗಿಲ್ಲೇನ ನಿನಗ?" ಎಂದಳು. ಅವಳು ಅಷ್ಟು ಮೆತ್ತಗೆ ಬೈದದ್ದನ್ನು ನಾನೆಂದೂ ಕೇಳಿರಲಿಲ್ಲ. "ಮತ್ತ ಹೋಗೂಮುಂದ ಇದಕ್ಕೂ ಮಾಫಿ ಕೇಳಬೇಕ ನೋಡ."

"ಯುದ್ಧ ನಿಂತ ದಿನಾನ ಬಂದು ಕೇಳ್ತೇನಿ" ಎಂದು ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಲ್ಲಿಯ ಜಗಳ ನಿಲ್ಲುವವರೆಗೆ ಇಲ್ಲಿಯದು ನಡೆಯಲಿ ಬಿಡ್ರಿ.